ಒಂದು ಸಿವುಡು ಪುದೀನಾದ ಒಳಲೆಕ್ಕ

ಗದಗಿನಲ್ಲಿ ಆಫ್‌ಸೆಟ್ ಮುದ್ರಣಾಲಯ ನಡೆಸುವ ಗೆಳೆಯರೊಬ್ಬರ ಮೇಜಿನ ಮೇಲೆ ಪುಟ್ಟದೊಂದು ಭೂತಗನ್ನಡಿ ಸದಾ ಬಿದ್ದಿರುತ್ತದೆ. ಅಚ್ಚಾಗಿ ಬಂದ ಹಾಳೆಯ ಮೇಲೆ ಅದನ್ನಿಟ್ಟು, ಒಂದು ಕಣ್ಣು ಮುಚ್ಚಿ, ನಾಲ್ಕು ಬಣ್ಣದ ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿವೆಯೇ ಎಂದು ನೋಡುತ್ತಾರೆ. ಊರಿಗೆ ಮುದ್ರಣ ಕಾಶಿ ಎಂಬ ಹೆಸರು ಬಂದದ್ದು ಇಂಥ ಕಣ್ಣುಗಳಿಂದಲೇ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕಾಯಿಪಲ್ಲೆ ಚೀಲ ಹಿಡಿದುಕೊಂಡೇ ಅಲ್ಲಿಗೆ ಹೋಗಿದ್ದೆ. ಚೀಲದಲ್ಲಿದ್ದ ಪುದೀನಾ ಸಿವುಡಿನಿಂದ ಒಂದು ಎಲೆ ಕಿತ್ತು, ಬೋರಲು ಹಾಕಿ, ಆ ಗನ್ನಡಿಯ ಕೆಳಗಿಟ್ಟೆ.

ಅವರು ಬಗ್ಗಿ ನೋಡಿದರು. ಆಮೇಲೆ ಎಲೆಯನ್ನು ಕಿಟಕಿಯ ಬೆಳಕಿಗೆ ಸರಿಸಿ ಮತ್ತೆ ನೋಡಿದರು. “ಏನ್ರೀ ಸರ ಇದು, ಎಲಿ ಬೆನ್ನ ಮ್ಯಾಲೆ ಯಾರೋ ಜೇನತುಪ್ಪ ಚಿಮುಕಿಸಿದಂಗ ಐತಲ್ಲ! ಚುಕ್ಕಿ ಚಂದ ಅದಾವ, ಆದ್ರ ರಿಜಿಸ್ಟರ್ ತಪ್ಪೇತಿ ನೋಡ್ರಿ.”

ರಿಜಿಸ್ಟರ್ ತಪ್ಪಿದ ಆ ಚುಕ್ಕೆಗಳಲ್ಲೇ ಪುದೀನಾದ ಸಕಲ ಸಂಪತ್ತೂ ಇದೆ. ಪರಿಮಳ ಎಲೆಯ ತುಂಬ ಹರಡಿಕೊಂಡಿದೆ ಎಂದು ನಾವು ಭಾವಿಸುತ್ತೇವೆ. ಅದು ಇರುವುದು ಈ ಹನಿಗಳಲ್ಲಿ ಮಾತ್ರ. ಗಿಡವನ್ನು ಮುಟ್ಟದೆ ಪಕ್ಕದಲ್ಲಿ ನಿಂತರೆ ಮೂಗಿಗೆ ಹೆಚ್ಚೇನೂ ಬಡಿಯುವುದಿಲ್ಲ. ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಹನಿಗಳ ಪೊರೆ ಒಡೆಯುತ್ತದೆ, ಘಮ್ ಎನ್ನುತ್ತದೆ.

ಒಂದೊಂದು ಹನಿಯೂ ಒಂದು ಗ್ರಂಥಿ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಚಿಕ್ಕದು. ಅಡಿಪಾಯಕ್ಕೆ ಒಂದು ಕೋಶ, ಅದರ ಮೇಲೆ ಮೋಟು ಕಂಬದಂಥ ಇನ್ನೊಂದು ಕೋಶ, ಕಂಬದ ತುದಿಗೆ ತಟ್ಟೆಯಂತೆ ಹರಡಿಕೊಂಡ ಎಂಟು ಕೋಶಗಳು. ಎಣ್ಣೆ ಮಾಡುವವು ಈ ಎಂಟು. ಅವುಗಳ ನೆತ್ತಿಯ ಮೇಲಿನ ಮೇಣದ ಪೊರೆ ಪೂರಿ ಉಬ್ಬಿದಂತೆ ಮೇಲೇಳುತ್ತದೆ, ಉಬ್ಬಿದ ಪೊಳ್ಳಿನೊಳಗೆ ಎಣ್ಣೆ ಜಮೆಯಾಗುತ್ತದೆ. ಕೋಶದ ಒಳಗೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಆಗುವುದಿಲ್ಲ. ಈ ಎಣ್ಣೆಗೆ ಜೀವಕೋಶದ ಪೊರೆಗಳನ್ನೇ ಕೆಡಿಸುವ ಗುಣವಿದೆ. ತಾನು ಮಾಡಿದ ಸರಕಿನಿಂದಲೇ ತಾನು ಸಾಯಬಾರದೆಂದು ಗಿಡ ಅದನ್ನು ಮನೆಯ ಹೊರಗೆ, ಮಾಳಿಗೆಯ ಮೇಲೆ ಇಡುತ್ತದೆ.

ಇಲ್ಲೊಂದು ಅಡ್ಡಮಾತು. ಪಠ್ಯಪುಸ್ತಕಗಳು ಇಂಥ ಎಣ್ಣೆಯನ್ನು ‘ಸಾರಭೂತ ತೈಲ’ ಎಂದು ಕರೆಯುತ್ತವೆ. ಕೇಳಿದರೆ ನೆಗಡಿ ಬಂದಂತಾಗುವ ಪದ. ಇದೇ ಜಿಲ್ಲೆಯ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆಯ ಕನ್ನಡವನ್ನು ‘ತಿರುಳ್ಗನ್ನಡ’ ಎಂದು ಕ್ರಿ.ಶ. 941ರಲ್ಲೇ ಪಂಪ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಹಾಗಾದರೆ ಇದನ್ನೂ ತಿರುಳೆಣ್ಣೆ ಎನ್ನಬಾರದೇಕೆ ಎಂದು ಒಮ್ಮೆ ಆಸೆಪಟ್ಟಿದ್ದೆ. ಭೂತಗನ್ನಡಿ ಆ ಆಸೆಗೆ ಕಲ್ಲು ಹಾಕಿತು. ಪುದೀನಾದ ಎಣ್ಣೆ ತಿರುಳಿನಲ್ಲಿಲ್ಲ, ತೊಗಲಿನ ಮೇಲಿದೆ. ಸುಗಂಧ ತೈಲ ಎಂದರೆ ಸಾಕು.

ಎಂಟು ಕೋಶಗಳ ಕಾರ್ಖಾನೆ

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಒಂದು ಸೀರೆ ಒಂದೇ ಕೈಯಲ್ಲಿ ಆಗುವುದಿಲ್ಲ. ನೂಲಿಗೆ ಬಣ್ಣ ಕಟ್ಟುವುದು ಒಂದು ಕಡೆ, ಕಂಡಿಕೆ ಸುತ್ತುವುದು ಇನ್ನೊಂದು ಕಡೆ, ಹಾಸು ಹಾಕುವುದು ಮತ್ತೊಂದು ಕಡೆ, ಕೊನೆಗೆ ಮಗ್ಗ. ಸರಕು ಮನೆಯಿಂದ ಮನೆಗೆ ಓಡಾಡುತ್ತದೆ. ಪುದೀನಾ ಗ್ರಂಥಿಯ ಕೋಶದೊಳಗೆ ನಡೆಯುವುದೂ ಇಂಥದ್ದೇ ಓಡಾಟ.

ಮೊದಲು ಕಚ್ಚಾಮಾಲು. ಗ್ರಂಥಿಯ ಕೋಶಗಳಲ್ಲಿ ಹಸಿರು ಇಲ್ಲ, ಅವು ತಮ್ಮ ಅನ್ನ ತಾವು ಬೇಯಿಸಿಕೊಳ್ಳಲಾರವು. ಪಕ್ಕದ ಹಸಿರು ಕೋಶಗಳು ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ತರಿಸಿಕೊಳ್ಳುತ್ತವೆ. ಆ ಸಕ್ಕರೆಯನ್ನು ಮುರಿದು, ಐದು ಇಂಗಾಲದ ತುಂಡುಗಳನ್ನು ಮಾಡಿ, ಎರಡೆರಡನ್ನು ಜೋಡಿಸಿ ಹತ್ತು ಇಂಗಾಲದ ಎಳೆ ಕಟ್ಟುತ್ತವೆ. ಈ ಹತ್ತರ ಎಳೆಯೇ ಮುಂದಿನ ಎಲ್ಲ ಪರಿಮಳಕ್ಕೂ ಮೂಲ. ಲ್ಯೂಕೋಪ್ಲಾಸ್ಟ್ ಎಂಬ ಬಣ್ಣವಿಲ್ಲದ ಕಣದೊಳಗೆ ಆ ಎಳೆ ಸುತ್ತಿಕೊಂಡು ಉಂಗುರವಾಗಿ ‘ಲಿಮೊನೀನ್’ ಆಗುತ್ತದೆ. ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಅದರಲ್ಲಿರುವುದೂ ಲಿಮೊನೀನೇ. ಪುದೀನಾದ್ದು ಅದರ ಕನ್ನಡಿ ಬಿಂಬ. ಎಳೆಯ ಚಿಗುರಿನಲ್ಲಿ ಇದರ ಪಾಲು ಜಾಸ್ತಿ.

ಮುಂದಿನ ದಾರಿ ಜಾತಿಯಿಂದ ಜಾತಿಗೆ ಬೇರೆ. ಸಂಶೋಧಕರು ಹೆಚ್ಚು ಬೆನ್ನು ಹತ್ತಿದ್ದು ಪೆಪ್ಪರ್‌ಮಿಂಟ್ ಎಂಬ ಪುದೀನಾವನ್ನು. (ನಮ್ಮ ಬಾಲ್ಯದಲ್ಲಿ ಪೆಪ್ಪರಮೆಂಟು ಎಂದರೆ ಅಂಗಡಿಯ ಗಾಜಿನ ಬರಣಿಯಲ್ಲಿದ್ದ ಯಾವುದೇ ಚೀಪುವ ಮಿಠಾಯಿ, ಅದರಲ್ಲಿ ಪುದೀನಾ ಇರಲೇಬೇಕೆಂದೇನೂ ಇರಲಿಲ್ಲ.) ಪೆಪ್ಪರ್‌ಮಿಂಟ್‌ನಲ್ಲಿ ಲಿಮೊನೀನ್ ಕೋಶದ ಒಳಜಾಲರಿಗೆ ಹೋಗಿ ಒಂದು ಆಮ್ಲಜನಕ ಅಂಟಿಸಿಕೊಳ್ಳುತ್ತದೆ. ಅಲ್ಲಿಂದ ಮೈಟೋಕಾಂಡ್ರಿಯಾಕ್ಕೆ ಹೋಗಿ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಕೊನೆಗೆ ಕೋಶರಸಕ್ಕೆ ಬಂದು ಪುಲೆಗೋನ್ ಆಗಿ, ಪುಲೆಗೋನ್ ಮೆಂಥೋನ್ ಆಗಿ, ಮೆಂಥೋನ್ ಮೆಂಥಾಲ್ ಆಗುತ್ತದೆ. ಹತ್ತರ ಎಳೆಯಿಂದ ಮೆಂಥಾಲ್‌ವರೆಗೆ ಏಳು ಹೆಜ್ಜೆ, ಹೆಜ್ಜೆಗೊಂದು ಕಿಣ್ವ. ಈ ಮಾರ್ಗದ ಬಹುಪಾಲನ್ನು ಬಿಡಿಸಿದವರು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೊಟೊ ಮತ್ತು ಅವರ ಸಂಗಡಿಗರು. ದಶಕಗಟ್ಟಲೆ ಪುದೀನಾ ಎಲೆಯ ಬೆನ್ನು ಕೆರೆದ ಜನ.

ನಮ್ಮ ಸಂತೆಗೆ ಬರುವ ಪುದೀನಾ ಹೆಚ್ಚಾಗಿ ಸ್ಪಿಯರ್‌ಮಿಂಟ್ ಕಡೆಯದು. ಅದರಲ್ಲಿ ಮೆಂಥಾಲ್ ಇರುವುದು ಹೆಸರಿಗಷ್ಟೇ, ಆಳುವುದು ಕಾರ್ವೋನ್. ಅದಕ್ಕೇ ಚಟ್ನಿ ತಿಂದರೆ ಬಾಯಿ ನೋವಿನ ಮುಲಾಮು ಹಚ್ಚಿದಷ್ಟು ತಣ್ಣಗಾಗುವುದಿಲ್ಲ. ಎರಡು ಗಿಡಗಳೂ ಲಿಮೊನೀನ್‌ವರೆಗೆ ಒಂದೇ ದಾರಿಯಲ್ಲಿ ನಡೆದು ಅಲ್ಲಿ ಕವಲೊಡೆಯುತ್ತವೆ. ಪೆಪ್ಪರ್‌ಮಿಂಟಿನ ಕಿಣ್ವ ಲಿಮೊನೀನ್ ಉಂಗುರದ ಮೂರನೆಯ ಇಂಗಾಲಕ್ಕೆ ಆಮ್ಲಜನಕ ಅಂಟಿಸಿದರೆ, ಸ್ಪಿಯರ್‌ಮಿಂಟಿನದು ಆರನೆಯದಕ್ಕೆ. 2000ದಲ್ಲಿ ಕ್ರೊಟೊ ಮತ್ತು ಶಾಲ್ಕ್ ಒಂದು ಸೊಗಸಾದ ಕೆಲಸ ಮಾಡಿದರು. ಸ್ಪಿಯರ್‌ಮಿಂಟಿನ ಕಿಣ್ವದಲ್ಲಿ ಸುಮಾರು 500 ಅಮೈನೋ ಆಮ್ಲಗಳಿವೆ. ಅದರಲ್ಲಿ 363ನೆಯ ಒಂದನ್ನು ಮಾತ್ರ ಬದಲಿಸಿದರು. ಫಿನೈಲ್‌ಅಲನೀನ್ ತೆಗೆದು ಐಸೋಲ್ಯೂಸೀನ್ ಇಟ್ಟರು, ಅಷ್ಟೇ. ಕಿಣ್ವ ಆರನೆಯದನ್ನು ಬಿಟ್ಟು ಮೂರನೆಯದನ್ನು ಹಿಡಿಯಿತು. ಐನೂರು ಅಕ್ಷರದ ಹಾಳೆಯಲ್ಲಿ ಒಂದು ಮೊಳೆ ಬದಲಾದರೆ ಅರ್ಥವೇ ಬದಲಾಗುತ್ತದೆಂದು ಹಳೆಯ ಮೊಳೆ ಜೋಡಿಸುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾರ್ವೋನ್‌ನದು ಇನ್ನೊಂದು ಬೆರಗು. ಸಬ್ಬಸಗಿ ಬೀಜದಲ್ಲಿಯೂ ಕಾರ್ವೋನ್ ಇದೆ. ಅದೇ ಇಂಗಾಲ, ಅದೇ ಜಲಜನಕ, ಅದೇ ಜೋಡಣೆ. ಆದರೆ ಒಂದು ಎಡಗಾಲ ಚಪ್ಪಲಿ, ಇನ್ನೊಂದು ಬಲಗಾಲದ್ದು. ಮೂಗಿನ ಗ್ರಾಹಕಗಳು ಎಡ-ಬಲ ಬಲ್ಲವು. ಒಂದನ್ನು ಪುದೀನಾ ಎನ್ನುತ್ತವೆ, ಇನ್ನೊಂದನ್ನು ಸಬ್ಬಸಗಿ.

ಆಡು ಮುಟ್ಟದ ಸೊಪ್ಪು

ಪುದೀನಾ ಕಡ್ಡಿಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಹೊರಳಿಸಿ ನೋಡಿ. ದುಂಡಗಿಲ್ಲ, ನಾಲ್ಕು ಮೂಲೆ ಇದೆ. ತುಳಸಿಯದೂ ಹಾಗೆಯೇ, ತುಂಬೆಯದೂ ಹಾಗೆಯೇ, ಹೂಮಾಲೆಗೆ ಹಾಕುವ ಮರುಗ, ಕೆಮ್ಮಿಗೆ ಕಷಾಯ ಕಾಯಿಸುವ ದೊಡ್ಡಪತ್ರಿ, ಶರಬತ್ತಿಗೆ ಬೀಜ ನೆನೆಸುವ ಕಾಮಕಸ್ತೂರಿ, ಎಲ್ಲವೂ ಪುದೀನಾದ ಬಳಗ. ಗದಗಿನಲ್ಲಿ ವೀರನಾರಾಯಣನಿಗೆ ತುಳಸಿ, ತ್ರಿಕೂಟೇಶ್ವರನಿಗೆ ತುಂಬೆ ಹೂ. ಹರಿಹರರಿಬ್ಬರಿಗೂ ಒಂದೇ ಮನೆತನದಿಂದ ಪೂಜೆ ಸಲ್ಲುತ್ತಿದೆ ಎನ್ನುವುದು ಸಸ್ಯಶಾಸ್ತ್ರಕ್ಕೆ ಮಾತ್ರ ಗೊತ್ತಿರುವ ಸಂಗತಿ. ಪರಿಮಳ ಮಾತ್ರ ಒಬ್ಬೊಬ್ಬರದು ಒಂದೊಂದು. ದೊಡ್ಡಪತ್ರಿಯಲ್ಲಿ ಕಾರ್ವಕ್ರಾಲ್, ತುಳಸಿಯಲ್ಲಿ ಲವಂಗದ ಯೂಜಿನಾಲ್. ತುಂಬೆ ಎಣ್ಣೆಯ ಮಟ್ಟಿಗೆ ಬಡವ.

ಇವರ ಕಾಡಿನ ನೆಂಟರನ್ನು ನೋಡಲು ಕಪ್ಪತಗುಡ್ಡಕ್ಕೆ ಹೋಗಬೇಕು. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳನ್ನು ಹಾದು ತುಂಗಭದ್ರೆಯ ಕಡೆಗೆ ಇಳಿಯುವ ಈ ಗುಡ್ಡಸಾಲು ಔಷಧಿ ಗಿಡಗಳಿಗೆ ಹಿಂದಿನಿಂದಲೂ ಹೆಸರಾದದ್ದು. ಗಣಿಗಾರಿಕೆಯ ಭಯ ಬಂದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು ಹೋರಾಡಿದ್ದನ್ನು ಜಿಲ್ಲೆ ಮರೆತಿಲ್ಲ. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅಲ್ಲಿನ ಕುರುಚಲಿನಲ್ಲಿ ನಡೆದರೆ ಪ್ಯಾಂಟಿನ ಕಾಲಿಗೆ ಬೆರಕೆ ವಾಸನೆ ಮೆತ್ತಿಕೊಳ್ಳುತ್ತದೆ. ಯಾವ ಗಿಡದ್ದು ಎಂದು ಬಿಡಿಸಿ ಹೇಳುವುದು ಕಷ್ಟ.

ಒಣ ಬಯಲಿನಲ್ಲಿ ಇಷ್ಟೊಂದು ಗಿಡಗಳು ಘಮಘಮಿಸುವುದೇಕೆ? ಸಂಗತಿ ಶೃಂಗಾರದ್ದಲ್ಲ, ಕಾವಲಿನದು. ಒಂದು ಗ್ರಾಂ ಸುಗಂಧ ತೈಲಕ್ಕೆ ಗಿಡ ಮೂರು ಗ್ರಾಂನಷ್ಟು ಗ್ಲೂಕೋಸ್ ಸುಡಬೇಕು. ಇಷ್ಟು ದುಬಾರಿ ಸರಕನ್ನು ಯಾರೂ ಶೋಕಿಗೆ ಮಾಡುವುದಿಲ್ಲ. ಎಲೆಗೆ ಬಾಯಿ ಹಾಕಿದ ಹುಳುವಿನ ಹಲ್ಲಿಗೆ ಮೊದಲು ಸಿಗುವುದೇ ಈ ಎಣ್ಣೆಯ ಚೀಲ. ಬೂಸ್ಟು ಬೆಳೆಯದಂತೆ, ಬ್ಯಾಕ್ಟೀರಿಯಾ ಹಬ್ಬದಂತೆ ತಡೆಯುವುದೂ ಇದೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಆಡುಸೋಗೆಗೆ ಆಡುಮುಟ್ಟದ ಸೊಪ್ಪು ಎಂಬ ಹೆಸರೂ ನಮ್ಮಲ್ಲೇ ಇದೆ. ಅಮೆರಿಕದಿಂದ ಬಂದು ದಖ್ಖನ್ನಿನ ರಸ್ತೆಬದಿಗಳನ್ನೆಲ್ಲ ಆಕ್ರಮಿಸಿದ, ಕಾಡುತುಳಸಿಯಂತೆ ಕಾಣುವ ಪುದೀನಾ ಬಳಗದ ಒಂದು ಕಳೆಯಿದೆ. ದನ-ಕುರಿಗಳು ಅದನ್ನು ಬಿಟ್ಟು ಸುತ್ತಲಿನ ಹುಲ್ಲನ್ನಷ್ಟೇ ಮೇಯುತ್ತವೆ. ಆ ಕಳೆ ಗೆದ್ದದ್ದು ಎಣ್ಣೆಯ ಬಲದಿಂದ.

ದುಡಿಮೆ ಒಂದು ವಾರದ್ದು

ಕಾರ್ಖಾನೆ ವರ್ಷವಿಡೀ ನಡೆಯುತ್ತದೆಯೇ? ಇಲ್ಲ. ನನಗೆ ಅತ್ಯಂತ ಅಚ್ಚರಿ ತಂದ ಸಂಗತಿ ಇದು. ಗರ್ಶೆನ್‌ಝಾನ್, ಮೆಕಾಂಕಿ ಮತ್ತು ಕ್ರೊಟೊ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆಪ್ಪರ್‌ಮಿಂಟ್ ಎಲೆಗಳ ವಯಸ್ಸನ್ನು ದಿನದ ಲೆಕ್ಕದಲ್ಲಿ ಹಿಡಿದು ಅಳೆದರು. ಎಲೆ ಮೂಡಿದ 12ನೆಯ ದಿನದಿಂದ 20ನೆಯ ದಿನದವರೆಗೆ ಮಾತ್ರ ಎಣ್ಣೆಯ ತಯಾರಿ ಜೋರು. 15ನೆಯ ದಿನದ ಹೊತ್ತಿಗೆ ಅದರ ಶಿಖರ. 20 ದಾಟಿದ ಮೇಲೆ ಹೊಸ ತಯಾರಿ ಹೆಚ್ಚುಕಡಿಮೆ ನಿಂತಂತೆಯೇ. ಅಲ್ಲಿಂದಾಚೆಗೆ ಎಲೆ ಕೂಡಿಟ್ಟದ್ದರ ಮೇಲೆ ಬದುಕುತ್ತದೆ. ಕೂಡಿಟ್ಟದ್ದರ ರೂಪ ಮಾತ್ರ ಬದಲಾಗುತ್ತ ಹೋಗುತ್ತದೆ. ಎಳೆಯದರಲ್ಲಿ ಮೆಂಥೋನ್ ಮೇಲುಗೈ, ಬಲಿತು ಗಿಡ ಹೂವಿಗೆ ಬರುವ ಹೊತ್ತಿಗೆ ಮೆಂಥಾಲ್. ಎಣ್ಣೆಗಾಗಿ ಬೆಳೆಯುವವರು ಹೂ ಕಾಣುವ ಹೊತ್ತಿಗೆ ಕೊಯ್ಯುವುದು ಸುಮ್ಮನೆ ಅಲ್ಲ.

ಆ ಒಂದು ವಾರದಲ್ಲಿ ಹವೆ ಹೇಗಿತ್ತು ಎಂಬುದು ಎಣ್ಣೆಯ ಗುಣವನ್ನು ಬರೆಯುತ್ತದೆ. ಆರೆಗನ್‌ನ ಬರ್ಬಟ್ ಮತ್ತು ಲೂಮಿಸ್ 1967ರಲ್ಲೇ ಇದನ್ನು ತೋರಿಸಿದ್ದರು. ಹಗಲು ಬೆಳಕು ಚೆನ್ನಾಗಿದ್ದು ರಾತ್ರಿ ತಂಪಾಗಿದ್ದರೆ ಮೆಂಥೋನ್ ಸರಾಗವಾಗಿ ಆಗುತ್ತದೆ. ರಾತ್ರಿಯೂ ಬಿಸಿಯಾಗಿದ್ದರೆ ಪುಲೆಗೋನ್ ಮತ್ತು ಮೆಂಥೊಫ್ಯೂರಾನ್ ಹೆಚ್ಚುತ್ತವೆ. ಇವೆರಡೂ ಬೇಡದ ಮಾಲು. ವಾಸನೆ ಒರಟು, ಹೆಚ್ಚಾದರೆ ಯಕೃತ್ತಿಗೆ ಕೇಡು. ಕಾರಣ ಲೆಕ್ಕಾಚಾರದ್ದೇ. ಹಗಲು ಗಳಿಸಿದ ಸಕ್ಕರೆಯನ್ನು ಬಿಸಿ ರಾತ್ರಿಯಲ್ಲಿ ಗಿಡ ಉಸಿರಾಟಕ್ಕೇ ಸುಟ್ಟುಬಿಡುತ್ತದೆ, ಕೊನೆಯ ಹೆಜ್ಜೆಗಳನ್ನು ನಡೆಸುವ ಶಕ್ತಿ ಉಳಿಯುವುದಿಲ್ಲ. ಬೆಳಕು ಸಾಲದಿದ್ದರೂ ಫಲ ಇದೇ ಎಂದು 2008ರ ಇನ್ನೊಂದು ಅಧ್ಯಯನ ಹೇಳಿತು. ಗದಗ ಸೀಮೆಯ ಏಪ್ರಿಲ್-ಮೇ ತಿಂಗಳನ್ನು ನೆನೆಯಿರಿ. ಹಗಲು 40 ಡಿಗ್ರಿಯ ಸಮೀಪ, ರಾತ್ರಿ ಮಾಳಿಗೆಯ ಮೇಲೆ ಮಲಗಿದರೂ ಬೆನ್ನಿಗೆ ಬಿಸಿ. ಬಿಸಿಲೆಂದು ಗಿಡವನ್ನು ಒಯ್ದು ಕತ್ತಲೆ ಮೂಲೆಗಿಟ್ಟರೆ ಅಲ್ಲಿಯೂ ಅದಕ್ಕೆ ಸುಖವಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎರಡೂ ಸಿಗುವ ಜಾಗ ಬೇಕು. ಹಳೆಯ ಮನೆಗಳಲ್ಲಿ ಪುದೀನಾ ಬಚ್ಚಲ ನೀರು ಹೊರಬೀಳುವ ಕಡೆ ಇರುತ್ತಿತ್ತು. ಸದಾ ತೇವ, ಗೋಡೆಯ ನೆರಳು, ಅಷ್ಟಿಷ್ಟು ಬಿಸಿಲು. ಅದನ್ನು ಅಲ್ಲಿ ನೆಟ್ಟ ಅಜ್ಜಿಗೆ ಮೆಂಥೊಫ್ಯೂರಾನ್ ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು.

ಈ ಎಣ್ಣೆಯನ್ನೇ ಬೆಳೆಯಾಗಿ ಮಾಡಿಕೊಂಡದ್ದು ಉತ್ತರ ಪ್ರದೇಶ. 1950ರ ದಶಕದಲ್ಲಿ ಜಪಾನಿ ಪುದೀನಾ ಜಮ್ಮುವಿಗೆ ಬಂತು. ಲಕ್ನೋದ ಸಿಮ್ಯಾಪ್ ಸಂಸ್ಥೆ ‘ಕೋಸಿ’ಯಂಥ ತಳಿಗಳನ್ನು ಕೊಟ್ಟಿತು, ಬಾರಾಬಂಕಿ ಸೀಮೆಯ ಹೊಲಗಳು ಮೆಂಥಾಲ್ ಹೊಲಗಳಾದವು. ನೂರು ಕಿಲೋ ಹಸಿ ಸೊಪ್ಪು ಭಟ್ಟಿ ಇಳಿಸಿದರೆ ಸಿಗುವ ಎಣ್ಣೆ ಒಂದು ಕಿಲೋಗಿಂತ ಕಡಿಮೆ. ನಮ್ಮಲ್ಲಿಯೂ ಮಾಡಬಹುದಲ್ಲ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ನನ್ನ ಉತ್ತರ ಬೇಡ ಎಂದೇ. ಪುದೀನಾದ ಬೇರು ಮೇಲ್ಮಣ್ಣಿನಲ್ಲೇ ಹರಿದಾಡುತ್ತದೆ, ನೀರಿಗೆ ಬಾಯಿಬಿಟ್ಟುಕೊಂಡೇ ಇರುತ್ತದೆ. ತುಂಗಭದ್ರೆಯ ದಂಡೆಯ ಹಮ್ಮಿಗಿ ಕಡೆಯ ತೋಟಗಳಿಗೆ ಒಪ್ಪಬಹುದು. ಕುಡಿಯುವ ನೀರಿಗೇ ದಿನ ಎಣಿಸುವ ಊರುಗಳಲ್ಲಿ ಎಕರೆಗಟ್ಟಲೆ ಪುದೀನಾ ಬೆಳೆದು ಆವಿ ಮಾಡುವುದು ನ್ಯಾಯವಲ್ಲ.

ಕಿತ್ತ ಟೊಂಗೆ ಹೇಳಿದ ಸುಳ್ಳು

ಮಾಡಿಟ್ಟ ಎಣ್ಣೆ ಆಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನ ಸುಮಾರು ಇಪ್ಪತ್ತು ವರ್ಷ ಒಂದು ಉತ್ತರ ಕೊಡುತ್ತಿತ್ತು, ಆಮೇಲೆ ಅದನ್ನು ತಿದ್ದಿಕೊಂಡಿತು.

ಪ್ರಯೋಗ ಹೀಗೆ. ಪುದೀನಾಕ್ಕೆ ವಿಕಿರಣದ ಗುರುತಿರುವ ಇಂಗಾಲ ಉಣಿಸುವುದು, ಆ ಗುರುತು ಎಣ್ಣೆಗೆ ಬಂದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವುದು. 1960ರ ದಶಕದ ಕೊನೆಯಿಂದ ನಡೆದ ಇಂಥ ಪ್ರಯೋಗಗಳಲ್ಲಿ ಗುರುತು ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತಿತ್ತು. ಅಂದರೆ ಗಿಡ ಎಣ್ಣೆಯನ್ನು ಒಂದು ಕೈಯಲ್ಲಿ ಮಾಡುತ್ತ ಇನ್ನೊಂದು ಕೈಯಲ್ಲಿ ಮುರಿಯುತ್ತಿದೆ ಎಂದಾಯಿತು. ಇದರ ಮೇಲೆ ದೊಡ್ಡ ಸಿದ್ಧಾಂತಗಳೂ ಎದ್ದವು. ರಕ್ಷಣೆಯ ರಾಸಾಯನಿಕಗಳನ್ನು ಗಿಡ ದಿನದಿನವೂ ಹೊಸದಾಗಿ ಮಾಡಬೇಕು, ಹೀಗಾಗಿ ಅದರ ಖರ್ಚು ಕೊನೆಯಿಲ್ಲದ್ದು ಎಂದು.

1991ರಲ್ಲಿ ಮಿಹಾಲಿಯಾಕ್, ಗರ್ಶೆನ್‌ಝಾನ್, ಕ್ರೊಟೊ ಮೂವರೂ ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಆ ಪ್ರಯೋಗಗಳಲ್ಲಿ ಬಹಳಷ್ಟು ನಡೆದದ್ದು ಕತ್ತರಿಸಿದ ಟೊಂಗೆಗಳ ಮೇಲೆ. ಗಿಡವನ್ನು ಕೀಳದೆ, ಬೇರು ಮಣ್ಣಿನಲ್ಲಿ ಇದ್ದಂತೆಯೇ ನೋಡಿದರೆ? ನೋಡಿದರು. ಗುರುತು ಎಲ್ಲಿಗೂ ಹೋಗಲಿಲ್ಲ. ಎಣ್ಣೆ ಇದ್ದಲ್ಲೇ ಇತ್ತು. ಟೊಂಗೆ ಕತ್ತರಿಸಿದರೆ ಮಾತ್ರ ಎಣ್ಣೆ ಮುರಿಯತೊಡಗುತ್ತಿತ್ತು. ಬೇರಿನ ನಂಟು ಕಡಿದ ಮೇಲೆ ಗಿಡ ಮಾಡುವ ಸಂಕಟದ ಕೆಲಸವನ್ನೇ ಅದರ ನಿತ್ಯದ ಸಂಸಾರ ಎಂದು ತಿಳಿದುಕೊಂಡಿದ್ದರು. ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರನ್ನು ನೋಡಿ ಈ ಮನುಷ್ಯ ದಿನಕ್ಕೆ ಎರಡು ಹೆಜ್ಜೆ ಮಾತ್ರ ನಡೆಯುತ್ತಾನೆ ಎಂದು ಬರೆದುಕೊಂಡ ಹಾಗೆ. ತಪ್ಪನ್ನು ತೋರಿಸಿದವರಲ್ಲಿ ಕ್ರೊಟೊ ಕೂಡ ಒಬ್ಬರೆಂಬುದನ್ನು ಗಮನಿಸಿ. ಎಣ್ಣೆ ಮುರಿಯುವ ಮಾರ್ಗದ ಬಗ್ಗೆ ಅದಕ್ಕೂ ಮೊದಲು ಹೆಚ್ಚು ಕೆಲಸ ಮಾಡಿದವರೂ ಅವರೇ.

ಆ ಹಳೆಯ ಕೆಲಸ ಹುಸಿಯಲ್ಲ. ಮುರಿಯುವ ಮಾರ್ಗ ನಿಜಕ್ಕೂ ಇದೆ, ಅದು ಬಹಳ ಜಾಣತನದ್ದು. ಎಲೆ ಬಲಿಯುತ್ತಿದ್ದಂತೆ ಮೆಂಥೋನ್‌ನ ಒಂದು ಪಾಲು ಮೆಂಥಾಲ್ ಆಗುತ್ತದೆ, ಇನ್ನೊಂದು ಪಾಲು ನಿಯೋಮೆಂಥಾಲ್ ಎಂಬ ಅದರ ಅವಳಿ ಆಗಬಲ್ಲದು. ನಿಯೋಮೆಂಥಾಲ್‌ಗೆ ಗಿಡ ಒಂದು ಗ್ಲೂಕೋಸ್ ಅಣುವನ್ನು ಕಟ್ಟುತ್ತದೆ. ನೀರಿಗೆ ಸೇರದ ಎಣ್ಣೆ ಸಕ್ಕರೆಯ ಹೆಗಲೇರಿ ನೀರಿನಲ್ಲಿ ಕರಗುತ್ತದೆ, ಕರಗಿ ಸಾಗಣೆಗೆ ಸಿದ್ಧವಾಗುತ್ತದೆ. ಅದು ಎಲೆಯಿಂದ ಇಳಿದು ಮಣ್ಣಿನೊಳಗಿನ ಹಂಬುಗಾಂಡಕ್ಕೆ ಬರುತ್ತದೆ. ಅಲ್ಲಿ ಸಕ್ಕರೆಯನ್ನು ಬಿಚ್ಚಿ, ಉಂಗುರವನ್ನು ಒಡೆದು, ಕೊಬ್ಬನ್ನು ಜೀರ್ಣಿಸುವ ರೀತಿಯಲ್ಲೇ ಚೂರು ಮಾಡಿ, ಆ ಚೂರುಗಳಿಂದ ಹೊಸ ಕೊಬ್ಬಿನಾಮ್ಲಗಳನ್ನು ಕಟ್ಟಿಕೊಳ್ಳುತ್ತದೆ. ಹಳೆಯ ಮನೆಯ ತೊಲೆ-ಜಂತಿ ಇಳಿಸಿ ಹೊಸ ಮನೆಗೆ ಹಾಕಿದಂತೆ. ಇಷ್ಟಿದ್ದರೂ, ಬೇರೂರಿ ನೆಮ್ಮದಿಯಾಗಿರುವ ಗಿಡದ ಎಲೆಯಲ್ಲಿ ಈ ಒಡೆಯುವ ಕೆಲಸ ಅಳತೆಗೆ ಸಿಗುವಷ್ಟು ನಡೆಯುವುದಿಲ್ಲ, ಗಾಳಿಗೆ ಹಾರಿಹೋಗುವುದೂ ತೀರ ಕಡಿಮೆ ಎಂದು 2000ದ ಅಧ್ಯಯನ ಖಚಿತಪಡಿಸಿತು. ಪುದೀನಾ ಒಮ್ಮೆ ದುಡಿದು ಗಂಟು ಕಟ್ಟಿಟ್ಟುಕೊಳ್ಳುತ್ತದೆ, ವಿನಾಕಾರಣ ಬಿಚ್ಚುವುದಿಲ್ಲ.

ಸಕ್ಕರೆ ಕಟ್ಟುವ ಈ ಉಪಾಯ ನಮ್ಮ ಮೈಯೊಳಗೂ ಇದೆ. ನಾವು ನುಂಗಿದ ಮೆಂಥಾಲ್‌ಗೆ ಯಕೃತ್ತು ಗ್ಲುಕುರೋನಿಕ್ ಆಮ್ಲ ಎಂಬ ಸಕ್ಕರೆಯ ನೆಂಟನನ್ನು ಕಟ್ಟುತ್ತದೆ. ಅದು ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೊರಹೋಗುತ್ತದೆ. ಗಿಡ ಅಂಥದ್ದೇ ಗಂಟನ್ನು ಹಂಬುಗಾಂಡಕ್ಕೆ ಕಳಿಸಿ ಉಳಿಸಿಕೊಂಡರೆ, ನಾವು ಬಚ್ಚಲಿಗೆ ಬಿಡುತ್ತೇವೆ.

ಹೊರಹೋಗುವ ಮೊದಲು ಅದು ಬಾಯಿಯಲ್ಲಿ ಒಂದು ಮೋಸ ಮಾಡಿರುತ್ತದೆ. ಮೆಂಥಾಲ್ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರದ ಬಾಗಿಲೊಂದಿದೆ, ಅದನ್ನು ತಾನೇ ಹೋಗಿ ತಟ್ಟುತ್ತದೆ. ಮೆದುಳು ತಂಪಾಯಿತು ಎಂದುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸುಡುವ ಬಿಸಿಯ ಬಾಗಿಲನ್ನು ತಟ್ಟುವುದೂ ಹೀಗೆಯೇ. ಬಿಸಿಯ ಬಾಗಿಲನ್ನು 1997ರಲ್ಲಿ, ತಂಪಿನದನ್ನು 2002ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ತಂಪಿನ ಬಾಗಿಲನ್ನು ಅದೇ ಹೊತ್ತಿಗೆ ಬೇರೆಯಾಗಿ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಪ್ರಶಸ್ತಿಯಲ್ಲಿ ಪಾಲುದಾರರು. ಗಿರಮಿಟ್ಟಿನ ಜೊತೆ ನಾಲ್ಕು ಮಿರ್ಚಿ ತಿಂದು, ಹಾ ಹಾ ಎನ್ನುತ್ತ ಪುದೀನಾ ಹಾಕಿದ ಮಜ್ಜಿಗೆ ಕುಡಿಯುವ ಗದಗಿನವರು ಎರಡೂ ಬಾಗಿಲುಗಳನ್ನು ಸಂಜೆಗೊಮ್ಮೆ ಬಡಿಯುತ್ತಲೇ ಇದ್ದಾರೆ. ಆ ತಂಪಿನಲ್ಲಿ ಪುದೀನಾಕ್ಕಿಂತ ಮಜ್ಜಿಗೆಯ ಪಾಲೇ ದೊಡ್ಡದು ಎಂದು ನನ್ನ ಗುಮಾನಿ. ನಮ್ಮ ಪುದೀನಾದಲ್ಲಿ ಮೆಂಥಾಲ್ ಕಡಿಮೆಯೆಂದು ಆಗಲೇ ಹೇಳಿದೆನಲ್ಲ.

ಇಷ್ಟು ತಿಳಿದುಕೊಂಡು ಅಡುಗೆಮನೆಗೆ ಬಂದರೆ ಕೆಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಕಾರ್ವೋನ್ ಕುದಿಯಲು 230 ಡಿಗ್ರಿ ಬೇಕು. ಆದರೆ ನೀರಾವಿ ಅದನ್ನು ನೂರಕ್ಕಿಂತ ಕೆಳಗೇ ಎತ್ತಿಕೊಂಡು ಹೋಗುತ್ತದೆ. ಎಣ್ಣೆ ಭಟ್ಟಿ ಇಳಿಸುವುದೂ ಇದೇ ಉಪಾಯದಿಂದ. ತೆರೆದ ಪಾತ್ರೆಯಲ್ಲಿ ಪುದೀನಾ ಕುದಿಸಿದರೆ ಘಮ ಓಣಿಗೆ, ಸೊಪ್ಪು ನಿಮಗೆ. ರಂಜಾನ್ ತಿಂಗಳ ಸಂಜೆ ಲಕ್ಷ್ಮೇಶ್ವರದ ಯಾವುದಾದರೂ ಮನೆಯಲ್ಲಿ ಬಿರಿಯಾನಿ ದಮ್ ಕಟ್ಟುವುದನ್ನು ನೋಡಿ. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತುವುದು ಏಕೆಂದು ಗೊತ್ತಾಗುತ್ತದೆ. ಈ ಎಣ್ಣೆ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಗಟ್ಟಿ ಮೊಸರಿಗೆ ಹಾಕಿದ ಪುದೀನಾ ನೀರಿಗೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಮಾತಾಡುತ್ತದೆ. ಚಟ್ನಿ ಕಪ್ಪಾಗುವುದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಅದು ಗಾಳಿ ತಾಗಿದಾಗ ಎಲೆಯ ಬೇರೊಂದು ಕಿಣ್ವ ಮಾಡುವ ಕೆಲಸ. ರುಬ್ಬುವಾಗಲೇ ನಿಂಬೆಹುಳಿ ಹಿಂಡಿದರೆ ಕೈ ಕಟ್ಟಿಕೊಂಡು ಕೂರುತ್ತದೆ.

ಇನ್ನು ಆ ಸಿವುಡು. ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ನನ್ನ ಚೀಲಕ್ಕೆ ಬಂದಿತ್ತು. ಮಾರುವ ಯವ್ವ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತ, “ತಗೋ ತಮ್ಮಾ, ಈಗ ಕಿತ್ಕೊಂಡ ಬಂದೇನಿ” ಎಂದಿದ್ದಳು. ಈಗ ಎನ್ನುವುದು ಸಂತೆಯಲ್ಲಿ ಬಹಳ ಹಿಗ್ಗುವ ಪದ. ಸಿವುಡು ಎರಡು ದಿನಕ್ಕೆ ಸಪ್ಪಗಾಗುವುದಕ್ಕೆ ಎಣ್ಣೆ ಮುರಿಯುವುದೊಂದೇ ಕಾರಣವಲ್ಲ. ಕಟ್ಟುವಾಗ, ತುರುಕುವಾಗ ಗ್ರಂಥಿಗಳು ಒಡೆದಿರುತ್ತವೆ, ಬಿಸಿಲು ಆರಿಸಿರುತ್ತದೆ, ಒಳಗಿನ ಎಲೆ ಕೊಳೆಯತೊಡಗಿರುತ್ತದೆ. ಆದರೆ ಬೇರು ಕಡಿದ ಗಳಿಗೆಯಿಂದ ಗಿಡದ ಲೆಕ್ಕ ಬದಲಾಗಿರುತ್ತದೆ ಎನ್ನುವುದು ನಿಜ.

ಅಂದು ಮುದ್ರಣಾಲಯದಿಂದ ಬಂದವನು ಸಿವುಡಿನಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿ ಆರಿಸಿ, ಕೆಳಗಿನ ಎಲೆ ಬಿಡಿಸಿ, ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದೆ. ವಾರದೊಳಗೆ ಗಿಣ್ಣಿನಿಂದ ಬಿಳಿ ಬೇರು ಇಳಿದವು. ನೀವೂ ಮಾಡಿ ನೋಡಿ. ಮೇ ತಿಂಗಳಲ್ಲಿ ಮಣ್ಣಿಗೆ ಹಾಕಬೇಡಿ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನೆಡಿ. ಅಗಲ ಬಾಯಿಯ ಕುಂಡ ಇರಲಿ, ಹಂಬಿಗೆ ಹರಿಯಲು ಜಾಗ ಬೇಕು. ಚಟ್ನಿಗೆ ಕೀಳುವಾಗ ತುದಿಯ ಎಳೆ ಚಿಗುರಿಗೆ ಕೈ ಹಾಕದೆ ಕೆಳಗಿನ ಬಲಿತ ಜೋಡಿಗಳನ್ನು ಬಿಡಿಸಿ. ಎಣ್ಣೆ ತುಂಬಿರುವುದು ಅವುಗಳಲ್ಲಿ. ಕಲ್ಲಿಗೆ ಕೊಬ್ಬರಿ, ಮೆಣಸಿನಕಾಯಿ ಹಾಕಿದ ಮೇಲೆ ಗಿಡದ ಹತ್ತಿರ ಹೋದರೆ ಸಾಕು.